ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ

"ಅಮ್ಮಾ, ಬುರುಲ್ ಎಜೆ ಆಸ್ಪತ್ರೆ ಕಂಪ್ಯೂಟರೆಲ್ಲ ಕೆಡಿಸಿಬಿಟ್ರಂತೆ, ಹೌದಾ?"

ಶಿಶುವಿಹಾರದಿಂದ ಬಂದ ಐಪೆರಿ ಬೂಟು ಬಿಚ್ಚುತ್ತಾ ಕೇಳಿದಳು. ನಾರಿನ್ ಅಷ್ಟು ಚಿಕ್ಕ ಊರು. ಐದು ವರ್ಷದವಳ ಕಿವಿಗೂ ಸುದ್ದಿ ಮುಟ್ಟಿದೆ. ಇಲ್ಲ ಅಂದೆ. ಮತ್ತೆ ಯಾರು ಕೆಡಿಸಿದ್ದು ಅಂದಳು. ಕೈಗೊಂದು ಕರಿದ ಹಿಟ್ಟಿನ ಬೊರ್ಸೋಕ್ ಕೊಟ್ಟು ಬಾಯಿ ಮುಚ್ಚಿಸಿದೆ.

ಬುರುಲ್ ನಮ್ಮ ಕೆಳಮನೆಯವರು. ಐವತ್ತನಾಲ್ಕು ವರ್ಷ, ಊರಿಗೆಲ್ಲ ಎಜೆ, ಅಕ್ಕ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಅವರೊಬ್ಬರೇ. ಎಲ್ಲವೂ ಹಳೆಯವು, ಎಲ್ಲವೂ ವಿಂಡೋಸ್. ಬರುವ ಕೈಪಿಡಿಗಳು ಮಾತ್ರ ಬೇರೆ ಬಗೆಯ ಯಂತ್ರದವರಿಗೆ, ಲಿನಕ್ಸಿನವರಿಗೆ, ಮ್ಯಾಕಿನವರಿಗೆ. ಅದಕ್ಕೇ ಎಜೆ ಒಂದು ಚೌಕಳಿ ನೋಟುಪುಸ್ತಕ ಇಟ್ಟಿದ್ದಾರೆ. ಎಡಕ್ಕೆ ಕೈಪಿಡಿ ಹೇಳುವ ಆಜ್ಞೆ, ಬಲಕ್ಕೆ ಅದನ್ನೇ ತಮ್ಮ ಯಂತ್ರಕ್ಕೆ ಹೇಳುವ ಬಗೆ.

ಫೆಬ್ರವರಿಯಲ್ಲಿ ಆಸ್ಪತ್ರೆಯನ್ನು ಕ್ಲೌಡಿಗೆ, ಅಂದರೆ ದೂರದ ಸರ್ವರುಗಳಿಗೆ, ಜೋಡಿಸಬೇಕೆಂದು ಆದೇಶ ಬಂತು. ಜೋಡಿಸುವ ಸಾಫ್ಟ್‌ವೇರ್ ರಾಜಧಾನಿ ಬಿಷ್ಕೆಕ್‌ನ ನಮ್ಮ ಕಂಪನಿಯದು. ಅದರ ಕೈಪಿಡಿ ಬರೆದವಳು ನಾನು, ಇದೇ ಅಡುಗೆಮನೆ ಮೇಜಿನ ಮೇಲೆ, ಅವರು ಕೊಟ್ಟ ಮ್ಯಾಕಿನಲ್ಲಿ. ಪರೀಕ್ಷಿಸಲು ಒಂದು ವಿಂಡೋಸ್ ಯಂತ್ರ ಕೊಡಿ ಅಂತ ಎರಡು ಸಲ ಕೇಳಿದ್ದೆ. ನಮ್ಮ ಗಿರಾಕಿಗಳಲ್ಲಿ ಅದನ್ನು ಬಳಸುವವರೇ ಇಲ್ಲ ಅಂದರು ಮ್ಯಾನೇಜರ್. ಮೂರನೇ ಸಲ ಕೇಳಲಿಲ್ಲ. ವಿಂಡೋಸಿನಲ್ಲಿ ಪರೀಕ್ಷಿಸದೆಯೇ ಕೈಪಿಡಿಯ ಕೊನೆಗೆ ಒಂದು ಸಾಲು ಬರೆದೆ: ಮಾಹಿತಿ ಹೋಗುವ ದಾರಿ ತಪ್ಪಾಗಿ ಕೊಟ್ಟಿದ್ದರೆ ಯಂತ್ರ ಆಫ್ ಮಾಡಿ ಆನ್ ಮಾಡಿ, ಎಲ್ಲ ಮೊದಲಿನಂತಾಗುತ್ತದೆ.

ಆಫ್ ಮಾಡಿದರೆ ನನ್ನ ಮ್ಯಾಕ್ ಆ ದಾರಿಯನ್ನು ಮರೆಯುತ್ತದೆ. ಎಜೆ ತಮ್ಮ ವಿಂಡೋಸ್ ಯಂತ್ರಕ್ಕೆ ಬರೆದುಕೊಂಡ ಆಜ್ಞೆ, ಅಳಿಸು ಎನ್ನುವ ತನಕ ಉಳಿದೇ ಇರುವಂಥದ್ದು.

ಹೇಗೂ ಹಿಂದಕ್ಕೆ ತರಬಹುದಲ್ಲ ಎಂಬ ಧೈರ್ಯಕ್ಕೆ ಎಜೆ ಆ ಆಜ್ಞೆಯನ್ನು ಆಸ್ಪತ್ರೆಯ ಹನ್ನೊಂದು ಯಂತ್ರಗಳಿಗೂ ಒಟ್ಟಿಗೇ ಹಾಕಿದರು. ಅದರಲ್ಲಿ ಒಂದು ಅಂಕಿ ತಪ್ಪಿತ್ತು. ಆಫ್ ಮಾಡಿದರು, ಆನ್ ಮಾಡಿದರು, ಇಡೀ ದಿನ ಅದನ್ನೇ. ಎರಡು ದಿನ ನೋಂದಣಿ ನಿಂತಿತು. ಹಳ್ಳಿಗಳಿಂದ ಬಂದ ಬಸುರಿಯರು ಹಿಮದಲ್ಲಿ, ಮೆಟ್ಟಿಲ ಮೇಲೆ ಕಾದರು. ಮೂರನೇ ದಿನ ಎಜೆಯೇ ಕಾರಣ ಹುಡುಕಿ ಸರಿಮಾಡಿದರು. ಆಮೇಲೆ ಬಂದ ನಮ್ಮ ಎಂಜಿನಿಯರ್ ತಿಲೆಕ್ ಆ ನೋಟುಪುಸ್ತಕ ತಿರುವಿ ನಕ್ಕನಂತೆ. "ಇದೇನು ಎಜೆ, ಮಾಟದ ಪುಸ್ತಕವಾ?"

ಈಗ ಮುಖ್ಯ ವೈದ್ಯರು ಲಿಖಿತ ವಿವರಣೆ ಕೇಳಿದ್ದಾರೆ. ಶುಕ್ರವಾರ ಸಮಿತಿ. ತಪ್ಪು ಎಜೆಯದೇ ಎಂದಾದರೆ, ಪಿಂಚಣಿಗೆ ನಾಲ್ಕೇ ವರ್ಷ ಇರುವಾಗ ಕೆಲಸ ಹೋಗುತ್ತದೆ.

ಸಮಿತಿಗೆ ತೋರಿಸೋಣವೆಂದು ಎಜೆ ಕಂಪನಿಯ ಜಾಲತಾಣದಲ್ಲಿ ಕೈಪಿಡಿ ತೆರೆದರೆ ಆ ಸಾಲೇ ಇಲ್ಲ. ಸೋಮವಾರ ಮ್ಯಾನೇಜರ್ ಹೇಳಿದರು, ನಾನು ತೆಗೆದೆ. ತಿದ್ದಿದ ದಿನಾಂಕ ಹಾಕಬೇಡ ಅಂದರು, ಹಾಕಲಿಲ್ಲ. ನಮ್ಮ ಮನೆ ನಡೆಯುವುದೂ ಆ ಕೆಲಸದಿಂದಲೇ.

ಇವತ್ತು ಎಜೆ ಮೇಲೆ ಬಂದರು. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಐಪೆರಿಯ ಜಡೆ ಸಡಿಲವಾಗಿದೆ ಅಂತ ಮತ್ತೆ ಹೆಣೆದರು. ನಾನು ಹಾಕಿಕೊಟ್ಟ ಚಹಾ ಮುಟ್ಟದೆ, ಜಡೆಯ ಮೇಲೆಯೇ ಕಣ್ಣಿಟ್ಟು ಹೇಳಿದರು:

"ತಿದ್ದಿದ್ದು ನೀನೇ ಅಂತ ಗೊತ್ತು ಕಣೇ. ಹಳೇ ಪುಟ ನಿನ್ನ ಹತ್ರ ಇದ್ದೇ ಇರುತ್ತೆ. ಅದನ್ನ ಪ್ರಿಂಟ್ ಹಾಕು, ಯಾವ ದಿನ ತಿದ್ದಿದೆ ಅಂತ ಬರಿ, ಕೆಳಗೆ ನಿನ್ನ ಹೆಸರು ಹಾಕಿ ಸಹಿ ಮಾಡು. ಶುಕ್ರವಾರ ಒಂಬತ್ತು ಗಂಟೆಯೊಳಗೆ ನನ್ನ ಕೈಗೆ ಕೊಟ್ರೆ ಸಾಕು."