ಗ್ಯಾಲ್ವಿನ್‌ನ ತಪ್ಪು ಕಾಣದ ಲೆನ್ನಿ

ಲೆನ್ನಿ ಸ್ಕರೂಪಾನನ್ನು ಯಾರಾದರೂ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿ ಬೆಲೆ ಕಟ್ಟು ಅಂದರೆ, ಮೊದಲು ದನಿಯನ್ನು ಬೇರೆ ತೆಗೆದಿಡುತ್ತೇನೆ. ದನಿ ಒಂದನೇ ದರ್ಜೆಯ ಮಾಲು. ಕೇಳಿದವನಿಗೆ ಹೆಗಲ ಮೇಲೆ ಬೆಚ್ಚಗಿನ ಕಂಬಳಿ ಹೊದಿಸಿದಂತೆ ಇರುತ್ತದೆ. ಉಳಿದದ್ದೇನು? ಅರವತ್ತರ ಆಸುಪಾಸಿನ ದೇಹ, ಮಡಚಲಾಗದ ಒಂದು ಮಂಡಿ, ಬಣ್ಣ ಹಚ್ಚಿದ ಮೀಸೆ, ತಂಡದವರು ಪುಕ್ಕಟೆ ಕೊಟ್ಟ ಕೋಟು. ಇಷ್ಟನ್ನೂ ದನಿಯ ಜೊತೆ ಕೊಸರಾಗಿ ಕೊಡುತ್ತೇನೆ ಅಂದರೂ ನಾನು ಸ್ವಲ್ಪ ಯೋಚನೆ ಮಾಡಿಯೇ ಹೂಂ ಅನ್ನುವವನು.

ನನ್ನ ಅಂಗಡಿ ಸ್ಟೋಕರ್ಸ್ ಅನ್ನುವ ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡದ ಕ್ರೀಡಾಂಗಣಕ್ಕೆ ಎದುರಿಗೇ ಇದೆ. ಜೆರ್ಸಿ, ಟೋಪಿ, ಮಫ್ಲರು, ಮಗುವಿನ ಕಾಲುಚೀಲ, ಯಾವುದರ ಮೇಲೆ ತಂಡದ ಗುರುತು ಕೂರುತ್ತದೋ ಅದೆಲ್ಲ ನನ್ನಲ್ಲಿ ಸಿಗುತ್ತದೆ. ಭಾನುವಾರ ರೇಡಿಯೊದಲ್ಲಿ ಪಂದ್ಯದ ವಿವರಣೆ ಕೊಡುವವನು ಲೆನ್ನಿ. ಮರುದಿನ, ಪ್ರತಿ ಸೋಮವಾರ ಬೆಳಿಗ್ಗೆ, ಇಲ್ಲಿಂದಲೇ ತನ್ನ ರೇಡಿಯೊ ಕಾರ್ಯಕ್ರಮ ನಡೆಸುತ್ತಿದ್ದ. ಕಿಟಕಿಯ ಪಕ್ಕದಲ್ಲಿ ಒಂದು ಮೇಜು, ಎರಡು ಮೈಕು, ಅವನ ಕಾಫಿ ಲೋಟ. ಮಾತಿನ ನಡುನಡುವೆ ಅಂಗಡಿಯ ಹೆಸರು ಎತ್ತುತ್ತಿದ್ದ. ಅದರಾಚೆಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಿಕೊಂಡಿರಲಿಲ್ಲ.

ಅವನ ಅಪ್ಪ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಸವೆದವನು. ಲೆನ್ನಿ ಶಾಲೆಯ ತಂಡದಲ್ಲಿ ಫುಟ್‌ಬಾಲ್ ಆಡಿ ಮಂಡಿ ಮುರಿದುಕೊಂಡ, ಆಮೇಲೆ ಟೈರು ಮಾರಿದ. ಸಂಜೆ ಹೊತ್ತು ಶಾಲಾ ಪಂದ್ಯಗಳಲ್ಲಿ ಧ್ವನಿವರ್ಧಕ ಹಿಡಿದು ಕೂಗಿ ಕೂಗಿಯೇ ರೇಡಿಯೊ ಸೇರಿದ. ಅದೇ ಸುಮಾರಿಗೆ ರೋರಿ ಗ್ಯಾಲ್ವಿನ್ ನಮ್ಮ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ಆಟ ನಡೆಸುವವನಾಗಿ, ಬಂದ. ಹೊಸ ಆಟಗಾರ, ಹೊಸ ವರದಿಗಾರ. ಲೆನ್ನಿಯ ಅಪ್ಪ ತೀರಿಕೊಂಡಾಗ ಗ್ಯಾಲ್ವಿನ್ ಅಭ್ಯಾಸ ಬಿಟ್ಟು ಚರ್ಚಿಗೆ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟ. ಅಂದಿನಿಂದ ಲೆನ್ನಿಯ ಕಣ್ಣಿಗೆ ಗ್ಯಾಲ್ವಿನ್ ಎಸೆದ ಒಂದೇ ಒಂದು ಕೆಟ್ಟ ಚೆಂಡೂ ಬಿದ್ದಿಲ್ಲ.

ನ್ಯಾಯವಾಗಿ ಹೇಳಬೇಕು. ಗ್ಯಾಲ್ವಿನ್‌ನ ತೋಳಿಗೆ ಕಸುವಿದ್ದಾಗ ಲೆನ್ನಿ ಎಷ್ಟು ಹೊಗಳಿದರೂ ಕಡಿಮೆಯೇ ಆಗಿತ್ತು. ಆದರೆ ತೋಳು ಸೋತ ಮೇಲೂ ಅವನು ದರ ಇಳಿಸಲಿಲ್ಲ. ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬಿದ್ದರೆ ‘ಅನುಭವಸ್ಥ, ಅಪಾಯ ತಪ್ಪಿಸಿದ’ ಅನ್ನುತ್ತಿದ್ದ. ಗ್ಯಾಲ್ವಿನ್ ಎದುರಾಳಿಗಳಿಗೆ ಸಿಕ್ಕಿ ಕೆಳಗೆ ಬಿದ್ದರೆ ‘ಎಂಥ ಧೈರ್ಯ, ಕೊನೆವರೆಗೂ ನಿಂತ’. ಗೆದ್ದರೆ ಗ್ಯಾಲ್ವಿನ್ ಗೆಲ್ಲಿಸಿದ, ಸೋತರೆ ಊರ ಪಕ್ಕದ ಸರೋವರದ ಗಾಳಿ ಸೋಲಿಸಿತು. ದೂರದ ಊರಿನ ಟಿವಿಯವರೂ ಇದೇ ರಾಗ ಹಾಡುತ್ತಿದ್ದರು, ಆದರೆ ಅವರಿಗೆ ಅದು ಸಂಬಳದ ಕೆಲಸ. ನಮ್ಮವನಿಗೆ ಭಕ್ತಿ.

“ಲೆನ್ನಿ, ಅವನು ಮೂಗು ಒರೆಸ್ಕೊಂಡ್ರೂ ನೀನು ಚಪ್ಪಾಳೆ ತಟ್ತೀಯಲ್ಲಯ್ಯಾ,” ಅಂತ ಒಮ್ಮೆ ಛೇಡಿಸಿದೆ.

“ನೀನು ಮಾರೋ ಜೆರ್ಸೀಲಿ ಮುಕ್ಕಾಲು ಪಾಲು ಯಾರ ಹೆಸರಿರೋದು? ಚಪ್ಪಾಳೆ ನಿಂತ ದಿನ ನೀನು ಕಾಲುಚೀಲ ಮಾರ್ಕೊಂಡು ಕೂರ್ಬೇಕಾಗುತ್ತೆ, ನೋಡ್ಕೊ,” ಅಂದ. “ಬೆಳಿಗ್ಗೆ ಹಿಮ ಕೆರ್ಕೊಂಡು ಕೆಲಸಕ್ಕೆ ಹೋಗೋ ಜನ ಕಣಯ್ಯಾ ಇವ್ರು. ನನ್ನ ಬಾಯಿಂದ ಒಂದು ಒಳ್ಳೆ ಮಾತು ಕೇಳ್ಬೇಕು ಅಂತಾರೆ. ತಪ್ಪಾ?”

ತಪ್ಪೇನಿಲ್ಲ ಅನ್ನಿಸಿತ್ತು, ಆ ಹೊಗಳಿಕೆಯ ಭಾರ ಇನ್ನೊಬ್ಬನ ತಲೆಯ ಮೇಲೆ ಬೀಳುವವರೆಗೆ.

ಆ ಇನ್ನೊಬ್ಬ ಡೆಸ್ಮಂಡ್ ಟಾಲಿವರ್. ನಮ್ಮ ಊರಿನವನೇ. ತಂಡದಲ್ಲಿ ರಿಸೀವರ್, ಅಂದರೆ ಗ್ಯಾಲ್ವಿನ್ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವನು. ಯಾರೂ ಕರೆಯದಿದ್ದರೂ ಆಯ್ಕೆ ಪರೀಕ್ಷೆಗೆ ಹೋಗಿ, ಬೆವರು ಸುರಿಸಿ, ತಂಡದ ಕಟ್ಟಕಡೆಯ ಜಾಗ ಗಿಟ್ಟಿಸಿಕೊಂಡಿದ್ದ. ಅಂಥವರ ಹಣೆಬರಹ ವಾರ ವಾರವೂ ಬದಲಾಗುತ್ತದೆ; ಮಂಗಳವಾರ ಕೋಚ್ ಕರೆದು ಸಾಕು ಅಂದರೆ ಮುಗಿಯಿತು. ಅವನ ತಾಯಿ ವರ್ನಾ ಶಾಲಾ ಬಸ್ಸು ಓಡಿಸುತ್ತಾಳೆ. ಪಂದ್ಯದ ದಿನ ಕ್ರೀಡಾಂಗಣದ ಪಾರ್ಕಿಂಗ್ ಬಯಲಿನಲ್ಲಿ ಆಕೆಯ ಇದ್ದಿಲ ಒಲೆ ಉರಿಯುತ್ತದೆ. ಪಂದ್ಯ ಶುರುವಾಗುವ ಮೊದಲು ಊರಿನವರು ಅಲ್ಲೇ ಬೇಯಿಸಿ ತಿನ್ನುವುದು ವಾಡಿಕೆ; ಪ್ರತಿ ಮನೆಯವರಿಗೂ ತಮ್ಮದೇ ಜಾಗವಿದೆ. ಪಕ್ಕದವರ ಒಲೆಯಲ್ಲಿ ಬೆಂದದ್ದು ನಮ್ಮ ತಟ್ಟೆಗೂ ಬರುತ್ತದೆ, ಯಾರೂ ಕೇಳುವುದಿಲ್ಲ. ಲೆನ್ನಿಯ ಜಾಗ ವರ್ನಾಳ ಪಕ್ಕದಲ್ಲೇ. ಆಕೆ ಹೊಗೆಯಲ್ಲಿ ಬೇಯಿಸಿದ ಪಕ್ಕೆಲುಬಿನ ಮಾಂಸ ತಿಂದೇ ಅವನ ಕೋಟಿನ ಗುಂಡಿಗಳು ಬಿಗಿಯಾದದ್ದು.

ಆ ಭಾನುವಾರ ಗ್ಯಾಲ್ವಿನ್ ಡೆಸ್ಮಂಡ್‌ನ ಕಡೆ ಎಸೆದ ಮೂರು ಚೆಂಡುಗಳು ಎದುರಾಳಿಗಳ ಕೈಸೇರಿದವು. ಮೂರೂ ಡೆಸ್ಮಂಡ್‌ನ ಬೆನ್ನ ಹಿಂದೆ ಬಿದ್ದಂಥವು. ಅವನು ಮುಂದೆ ಓಡುತ್ತಿದ್ದಾನೆ, ಚೆಂಡು ಹಿಂದೆ ಹೋಗುತ್ತಿದೆ. ಆದರೂ ಪ್ರತಿ ಸಲ ಅವನು ಗ್ಯಾಲ್ವಿನ್‌ನ ಕಡೆ ತಿರುಗಿ ಅಂಗೈಯಿಂದ ತನ್ನ ಎದೆ ತಟ್ಟಿಕೊಂಡ. ‘ತಪ್ಪು ನನ್ನದು’ ಅಂತ ಅದರರ್ಥ. ಮೈದಾನದಲ್ಲಿ ಹೊಸಬರು ಹಿರಿಯ ಕ್ವಾರ್ಟರ್‌ಬ್ಯಾಕ್‌ಗೆ ಹೀಗೆ ಮಾಡಲೇಬೇಕು. ತಪ್ಪು ಯಾರದಾದರೂ ಸರಿ, ಎಲ್ಲರ ಕಣ್ಣೆದುರು ದೊಡ್ಡವನ ಮಾನ ಉಳಿಸಬೇಕು. ನಮ್ಮೂರಿನಲ್ಲಿ ಶಾಲೆಯ ತಂಡದಲ್ಲಿ ಒಂದು ಋತು ಆಡಿದವನಿಗೂ ಇದು ಗೊತ್ತು.

ಸೋಮವಾರ ಲೆನ್ನಿ ನನ್ನ ಅಂಗಡಿಯಲ್ಲಿ ಕೂತು ಮೈಕಿಗೆ ಹೇಳಿದ: “ನಾನು ಹೇಳೋದು ಬೇಡ, ಸ್ವಾಮಿ. ಹುಡುಗನೇ ಒಪ್ಕೊಂಡಿದಾನೆ. ಮೂರು ಸಲ ಎದೆ ತಟ್ಕೊಂಡ, ನೀವೇ ನೋಡಿದ್ರಿ. ಓಡ್ಬೇಕಾದ ದಾರಿ ಬಿಟ್ಟು ಬೇರೆ ದಾರಿ ಓಡಿದಾನೆ. ಪಾಪ, ಗ್ಯಾಲ್ವಿನ್ ಏನು ಮಾಡ್ತಾನೆ?”

ಕೇಳುಗರ ಫೋನುಗಳು ಬಡಿದುಕೊಳ್ಳತೊಡಗಿದವು.

“ಗುರೂ, ಆ ಹುಡುಗನಿಗೆ ಒಂದು ನಕ್ಷೆ ಕೊಡ್ಸಿ!” ಅಂದ ಒಬ್ಬ.

“ಎದೆ ತಟ್ಕೊಳ್ಳೋಕೆ ಚರ್ಚಿಗೆ ಹೋಗ್ಲಿ, ಮೈದಾನಕ್ಕೆ ಯಾಕೆ ಬರ್ತಾನೆ?” ಅಂದ ಇನ್ನೊಬ್ಬ. ಲೆನ್ನಿ ಕುಲುಕುಲು ನಕ್ಕ.

ಆಗ ಬಾಗಿಲು ತೆರೆದು ವರ್ನಾ ಒಳಗೆ ಬಂದಳು. ಬಸ್ಸು ಓಡಿಸುವಾಗ ಹಾಕುವ ಕಿತ್ತಳೆ ಬಣ್ಣದ ಅಂಗಿಯಲ್ಲೇ ಇದ್ದಳು. ನೇರವಾಗಿ ಅತಿಥಿಯ ಕುರ್ಚಿಯಲ್ಲಿ ಕೂತು ಎರಡನೇ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಲೆನ್ನಿ, ಒಂದೇ ಪ್ರಶ್ನೆ,” ಅಂದಳು. “ನೀನು ಆಡ್ತಿದ್ದಾಗ ನಿನ್ನ ಸೀನಿಯರ್‌ಗೋಸ್ಕರ ಯಾವತ್ತೂ ಎದೆ ತಟ್ಕೊಂಡಿಲ್ವಾ?”

ಲೆನ್ನಿ, “ಜಾಹೀರಾತಿನ ನಂತರ ಮತ್ತೆ ಸಿಗೋಣ,” ಅಂದು ಗುಂಡಿ ಒತ್ತಿದ. ಮೈಕಿನ ಕೆಂಪು ದೀಪ ಆರಿತು.

“ಏನಮ್ಮಾ ಇದು ವರ್ನಾ, ಹೀಗೆ ನಡುವೆ ನುಗ್ಗೋದಾ?”

“ನಾಳೆ ಮಂಗಳವಾರ. ನನ್ನ ಮಗನ್ನ ಇಟ್ಕೋತಾರೋ ಕಳಿಸ್ತಾರೋ ನಾಳೆ ಗೊತ್ತಾಗುತ್ತೆ. ಮಾಲೀಕರಿಂದ ಹಿಡಿದು ಬಾಗಿಲು ಕಾಯೋರವರೆಗೂ ಎಲ್ಲ ನಿನ್ನ ಮಾತನ್ನೇ ಕೇಳೋದು. ಚೆಂಡು ಎಲ್ಲಿ ಬಿತ್ತು, ಅಷ್ಟು ಹೇಳು. ಅವನನ್ನ ಹೊಗಳು ಅಂತ ನಾನು ಕೇಳ್ತಿಲ್ಲ.”

ಲೆನ್ನಿ ಕಾಫಿ ಲೋಟ ತಿರುಗಿಸಿದ. “ಹಿಂದೆ ಬಿತ್ತು,” ಅಂದ ತಗ್ಗಿದ ದನಿಯಲ್ಲಿ. “ಮೂರೂ ಹಿಂದೆ ಬಿದ್ವು. ನನಗೇನು ಕಣ್ಣಿಲ್ವಾ?”

“ಹಾಗಾದ್ರೆ ಅದನ್ನೇ ಹೇಳು.”

“ಮೈಕ್‌ನಲ್ಲಿ ಆಗಲ್ಲ ಕಣಮ್ಮಾ. ಅವನು ನಮ್ಮಪ್ಪನ ಪೆಟ್ಟಿಗೆ ಹೊತ್ತವನು.”

“ನಿಮ್ಮಪ್ಪನ್ನ ಒಂದು ದಿನ ಹೊತ್ತ. ನನ್ನ ಮಗ ನಿನ್ನೆ ಎಲ್ಲರೆದುರೂ ಅವನನ್ನ ಹೊತ್ತ. ಅದಕ್ಕೆ ಬೆಲೆ ಇಲ್ವಾ?”

ಲೆನ್ನಿ ನನ್ನ ಕಡೆ ನೋಡಿದ. ವ್ಯಾಪಾರ ಕೈಜಾರುವಾಗ ಗಿರಾಕಿ ಪಕ್ಕದವನ ಮುಖ ನೋಡುತ್ತಾನಲ್ಲ, ಹಾಗೆ. “ಹೇಳ್ಬಿಡಯ್ಯಾ, ಅರ್ಧ ನಿಮಿಷದ ಮಾತು,” ಅಂದೆ.

ಕೆಂಪು ದೀಪ ಮತ್ತೆ ಹೊತ್ತಿಕೊಂಡಿತು. ಲೆನ್ನಿಯ ದನಿಗೆ ಬಿಸುಪು ಮರಳಿತ್ತು. “ಗೆಳೆಯರೇ, ನಮ್ಮ ಜೊತೆ ಯಾರಿದಾರೆ ಗೊತ್ತಾ? ಡೆಸ್ಮಂಡ್‌ನ ತಾಯಿ! ತಾಯಿ ಅಂದ್ರೆ ತಾಯಿನೇ ಅಲ್ವಾ? ಮಗನ ತಪ್ಪು ತಾಯಿ ಕಣ್ಣಿಗೆ ಯಾವತ್ತಾದ್ರೂ ಕಂಡಿದೆಯಾ? ಇವ್ರ ಕೈ ಅಡುಗೆ ತಿಂದವನು ನಾನು, ಅದರ ರುಚಿ ಏನು ಹೇಳ್ಲಿ...”

ವರ್ನಾ ಪೂರ್ತಿ ಕೇಳಲಿಲ್ಲ. ಎದ್ದು ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿ, ನನಗೆ ಮಾತ್ರ ತಲೆಯಾಡಿಸಿ ಹೊರಟುಹೋದಳು. ಲೆನ್ನಿ ಅಡುಗೆಯನ್ನು ಹೊಗಳುತ್ತಲೇ ಇದ್ದ.

ಮಂಗಳವಾರ ತಂಡ ಡೆಸ್ಮಂಡ್‌ನನ್ನು ಕೈಬಿಟ್ಟಿತು. ಪತ್ರಕರ್ತರು ಕಾರಣ ಕೇಳಿದಾಗ ಕೋಚ್ ಹೇಳಿದ್ದು ಲೆನ್ನಿಯ ಮಾತನ್ನೇ: ಹುಡುಗ ಬೇರೆ ದಾರಿ ಓಡಿದ, ತಾನೇ ಒಪ್ಪಿಕೊಂಡಿದ್ದಾನೆ. ಆ ಮಾತನ್ನು ಅವನಿಗೆ ಯಾರು ಒದಗಿಸಿದರು ಅನ್ನುವುದು ಊರಿಗೆಲ್ಲ ಗೊತ್ತಿತ್ತು.

ಮುಂದಿನ ಭಾನುವಾರ ಡೆಸ್ಮಂಡ್‌ನ ಜಾಗದಲ್ಲಿ ಓಡಿದವನು ವಿಟ್‌ಫೀಲ್ಡ್ ಅನ್ನುವ ಹಳೆಯ ಹುಲಿ, ಬೇರೆ ತಂಡದಿಂದ ಕರೆತಂದವನು. ಗ್ಯಾಲ್ವಿನ್‌ನ ಚೆಂಡು ಅವನ ಹಿಂದೆಯೂ ಬಿದ್ದು ಎದುರಾಳಿಯ ಪಾಲಾಯಿತು. ವಿಟ್‌ಫೀಲ್ಡ್ ಎದೆಗೆ ಕೈ ಒಯ್ಯಲಿಲ್ಲ. ನಿಂತಲ್ಲೇ ಎರಡೂ ಕೈ ಅಗಲಿಸಿ, ‘ಎಲ್ಲಿಗಯ್ಯಾ ಎಸೆದೆ?’ ಅನ್ನುವ ಹಾಗೆ ಗ್ಯಾಲ್ವಿನ್‌ನನ್ನು ದುರುಗುಟ್ಟಿ ನೋಡಿದ. ಇಡೀ ಕ್ರೀಡಾಂಗಣ ಅದನ್ನು ಕಂಡಿತು. ನಾನು ಕಿವಿಗೆ ರೇಡಿಯೊ ಹಚ್ಚಿಕೊಂಡಿದ್ದೆ.

“ಸರೋವರದ ಗಾಳಿ,” ಅಂದ ಲೆನ್ನಿ. “ಇವತ್ತು ಬಹಳ ಮೋಸ ಮಾಡ್ತಿದೆ.”

ಬಾವುಟಗಳು ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿದ್ದವು. ನನ್ನ ಸುತ್ತ ಕೂತವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಗುವವರಲ್ಲಿ ಅರ್ಧದಷ್ಟು ಜನ ಹಿಂದಿನ ವಾರ ಡೆಸ್ಮಂಡ್‌ನ ಹೆಸರು ಕೂಗಿ ಛೀಮಾರಿ ಹಾಕಿದವರೇ.

ಪಾರ್ಕಿಂಗ್ ಬಯಲಿನಲ್ಲಿ ವರ್ನಾಳ ಜಾಗ ಆ ವರ್ಷವೆಲ್ಲ ಖಾಲಿ ಉಳಿಯಿತು. ಯಾರೂ ಅಲ್ಲಿ ಗಾಡಿ ನಿಲ್ಲಿಸಲಿಲ್ಲ. ಲೆನ್ನಿ ಪಕ್ಕದ ತನ್ನ ಜಾಗದಲ್ಲಿ ಮನೆಯಿಂದ ತಂದ ಬ್ರೆಡ್ಡು ತಿನ್ನುತ್ತ ಕೂರುತ್ತಿದ್ದ. ಅವನ ಅಕ್ಕಪಕ್ಕದ ಒಲೆಗಳಿಂದ ಒಂದು ತಟ್ಟೆಯೂ ಅವನ ಕಡೆ ಬರುತ್ತಿರಲಿಲ್ಲ. ಒಂದು ದಿನ ಅವನೇ ನನ್ನನ್ನು ಕೇಳಿದ.

“ವರ್ನಾ ಇನ್ನೂ ಕೋಪ ಮಾಡ್ಕೊಂಡಿದಾಳಾ?”

“ಕೋಪ ಗೀಪ ಏನಿಲ್ಲ. ಡೆಸ್ಮಂಡ್‌ಗೆ ಕೆನಡಾದಲ್ಲಿ ಒಂದು ತಂಡ ಸಿಕ್ಕಿದೆಯಂತೆ, ಬೇಸಿಗೇಲಿ ಹೊರಡ್ತಾನೆ. ನಿನ್ನ ಯೋಚನೆ ಮಾಡೋಕೆ ಅವರಿಗೆ ಪುರುಸೊತ್ತಿಲ್ಲ.”

“ಒಳ್ಳೇದಾಯ್ತು ಬಿಡು. ನಾನು ಹಾಗಂದದ್ದರಿಂದ್ಲೇ ಅವನ ದಾರಿ ಸರಿಹೋಯ್ತು ಅನ್ನು.”

ಮರು ಸೋಮವಾರದಿಂದ ಅವನ ಮೇಜನ್ನು ಬೇರೆಲ್ಲಾದರೂ ಹಾಕಿಕೊಳ್ಳಲು ಹೇಳಿದೆ. ಬೀದಿಯಾಚೆ ಕಾರು ಮಾರುವವರ ಅಂಗಡಿಗೆ ಹೋದ. ಅಲ್ಲಿಂದಲೂ ಅದೇ ರಾಗ.

ಚಳಿಗಾಲದಲ್ಲಿ ಗ್ಯಾಲ್ವಿನ್ ನಿವೃತ್ತಿ ಘೋಷಿಸಿದ. ಲೆನ್ನಿ ರೇಡಿಯೊದಲ್ಲಿ ಬೆಳಿಗ್ಗೆಯೆಲ್ಲ ಅತ್ತ. ಕೇಳಿದ ಜನರೂ ಅತ್ತರು, ಅತ್ತು ಮುಗಿಸಿ ಸಾಲುಗಟ್ಟಿ ನನ್ನ ಅಂಗಡಿಗೆ ಬಂದರು. ಆ ವಾರ ಮುಗಿಯುವಷ್ಟರಲ್ಲಿ ಗ್ಯಾಲ್ವಿನ್ ಹೆಸರಿನ ಒಂದು ಜೆರ್ಸಿಯೂ ಗೋಡೆಯಲ್ಲಿ ಉಳಿಯಲಿಲ್ಲ. ಅವನ್ನು ಮಾರಿದ್ದು ನಾನಲ್ಲ, ಆ ದನಿ. ನನ್ನ ಅಂಗಡಿ ಇಷ್ಟು ವರ್ಷ ನಡೆದದ್ದೂ ಹಾಗೆಯೇ. ಆ ವ್ಯಾಪಾರಕ್ಕಾಗಿ ನಾನು ಲೆನ್ನಿ ಸ್ಕರೂಪಾನಿಗೆ ಋಣಿ. ಮತ್ತೆ ಯಾವುದಕ್ಕೂ ಅಲ್ಲ.