ಭಾವನ ಪರೀಕ್ಷಾ ಕೋಣೆಯೂ ನನ್ನ ಏಳು ಗುಡ್ಡಗಳೂ

ಮ್ಯಾನೇಜರ ಎದುರಿಗೆ ಭಾವ ನಕ್ಕಿದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನಗುವವರನ್ನು ಏನು ಮಾಡುವುದು?

ನಾನು ಕಾರ್ಖಾನೆಯಲ್ಲಿ ಬಣ್ಣ ಕಲಸುವವನು. ಅಕ್ಕನ ಗಂಡ ಅಲ್ಲಿಯೇ ಪರೀಕ್ಷಾ ಕೋಣೆಯವರು. ವೈರು ಎಳೆಯಲು ಬಂದವರು ಉಳಿದುಕೊಂಡು, ಐವತ್ತು ದಾಟಿದ ಮೇಲೆ ಪೈಥಾನ್ ಕೋಡ್ ಬರೆಯಲು ಕಲಿತರು. ಬಣ್ಣಕ್ಕೆ ಬೆಳಕು ಬಿಟ್ಟರೆ ಅವರ ಯಂತ್ರ ಗುಡ್ಡಸಾಲಿನಂಥ ಗೆರೆ ಎಳೆಯುತ್ತದೆ. ಒಂದೊಂದು ಬಣ್ಣದ ಪುಡಿಗೂ ಒಂದೊಂದು ಗುಡ್ಡ. ಒಂದರ ಮೇಲೊಂದು ಬಿದ್ದರೆ ಯಾವುದು ಯಾವುದರದೆಂದು ಕಣ್ಣಿಗೆ ತಿಳಿಯದು. ಆಗ ಕೋಡಿನಲ್ಲಿ ಗುಡ್ಡಗಳನ್ನು ಕೂಡಿಸಿ ಬರೆದರೆ, ಕಂಪ್ಯೂಟರು ಅವುಗಳ ಎತ್ತರ, ಅಗಲ ತಿದ್ದಿ ತಿದ್ದಿ ಗೆರೆಗೆ ಹೊಂದಿಸುತ್ತದೆ.

ಒಮ್ಮೆ ನಾನು ಕಲಸಿದ ಹಳದಿ ಮಂಕಾಗಿದೆಯೆಂದು ವಾಪಸು ಬಂತು. ಹಸಿರು ಬೆರೆತಿದೆ ಎಂದರು ಭಾವ. ಹಾಗೆಂದು ವರದಿ ಹೋದರೆ ನನ್ನ ಕೆಲಸ ಹೋದಂತೆಯೇ. ಅವರು ಚಹಾಕ್ಕೆ ಹೋದ ಹೊತ್ತು ನೋಡಿ ಕೋಣೆಗೆ ನುಗ್ಗಿದೆ. ಅವರು ಮಾಡುವುದನ್ನು ನೋಡಿ ಕಲಿತಷ್ಟರಲ್ಲೇ ಕೋಡಿನಿಂದ ಹಸಿರಿನ ಸಾಲು ಅಳಿಸಿ, ಹೆಸರಿಲ್ಲದ ಗುಡ್ಡಗಳನ್ನು ಒಂದೊಂದಾಗಿ ಸೇರಿಸಿದೆ. ಏಳನೆಯದಕ್ಕೆ ಗೆರೆ ಅಚ್ಚುಕಟ್ಟಾಗಿ ಕೂತಿತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ವಿಜ್ಞಾನಿಯಾದೆನೆಂದು ಉಬ್ಬಿ, ಮ್ಯಾನೇಜರನ್ನೇ ಕರೆತಂದೆ.

ಆಗಲೇ ಭಾವ ನಕ್ಕಿದ್ದು. "ಇಷ್ಟು ಗುಡ್ಡ ಕೊಟ್ರೆ ನನ್ನ ಮೂಗಿನ ಗೆರೆಗೂ ಹೊಂದುತ್ತಪ್ಪ. ಒಂದೊಂದೂ ಯಾವ ಡಬ್ಬದ ಪುಡಿ ಅಂತ ಹೇಳು, ನೋಡೋಣ."

"ನನ್ನ ಹೊಟ್ಟೆ ಮೇಲೆ ಹೊಡೀತಿದೀರಿ ಭಾವ. ಅಕ್ಕನ ಮುಖ ನೋಡಿ ಸುಮ್ನಿದೀನಿ."

ನಾನು ಸುಮ್ಮನಿದ್ದದ್ದು ಗೇಟಿನವರೆಗೂ ಕೇಳಿಸಿತಂತೆ.

ಭಾವ ಶುದ್ಧ ಹಳದಿಯನ್ನೂ ಶುದ್ಧ ಹಸಿರನ್ನೂ ಬೇರೆಬೇರೆಯಾಗಿ ಅಳೆದು, ಆ ಗುಡ್ಡಗಳ ಜಾಗ, ಅಗಲಗಳನ್ನು ಕೋಡಿನಲ್ಲಿ ಕಟ್ಟಿಹಾಕಿದರು. ಬದಲಾಗಬಹುದಾದದ್ದು ಎತ್ತರ ಮಾತ್ರ. ಹಸಿರಿನ ಗುಡ್ಡ ಗಿಡ್ಡವಾಗಿತ್ತು, ಆದರೆ ಎಷ್ಟು ಸಲ ಹೊಂದಿಸಿದರೂ ಅಳಿಯಲಿಲ್ಲ.

ಮರುದಿನ ಬೆಳಿಗ್ಗೆಯೆಲ್ಲ ನನ್ನ ಪಕ್ಕ ನಿಂತು ಕೈಗಳನ್ನೇ ನೋಡಿದರು. ನಾನು ಬಣ್ಣ ಕಲಸುವ ಹುಟ್ಟು ತಿರುಗಿಸುವುದು, ಸೊಂಟದ ಬಟ್ಟೆಗೆ ಒರೆಸುವುದು, ಮುಂದಿನ ಪೀಪಾಯಿಗೆ ಅದ್ದುವುದು. ಕಾರ್ಖಾನೆ ಕೊಟ್ಟ ಒಂದೇ ಬಟ್ಟೆ. ಭಾವ ಅದನ್ನು ಕೇಳಿ ಇಸಿದುಕೊಂಡರು.

ವರದಿಯಲ್ಲಿ, ಹಸಿರು ಬಂದದ್ದು ಬಟ್ಟೆಯಿಂದ, ಬಣ್ಣಕ್ಕೊಂದು ಬಟ್ಟೆ ಬೇಕೆಂದು ತಾನು ಹೋದ ವರ್ಷವೇ ಬರೆದರೂ ಮ್ಯಾನೇಜರು ಕೊಡಲಿಲ್ಲ ಎಂದು ಬರೆದರು. ನನ್ನ ಕೆಲಸ ಉಳಿಯಿತು. ಮ್ಯಾನೇಜರು ಅವರನ್ನು ಗೋದಾಮಿಗೆ ಹಾಕಿದರು. ನಿವೃತ್ತಿಯವರೆಗೂ ಆ ಯಂತ್ರವನ್ನು ಮುಟ್ಟಗೊಡಲಿಲ್ಲ.

ತಪ್ಪಾಯ್ತು ಭಾವ ಎನ್ನಲು ಎಷ್ಟು ಸಲ ಅವರ ಮನೆಗೆ ಹೋಗಿಲ್ಲ ನಾನು? ಹೋದ ವಾರವೂ ಹೋಗಿದ್ದೆ. ಬಾಗಿಲ ಚಿಲಕ ಬಿಗಿಯಾಗಿದೆಯೆಂದು ಅವರ ಮೇಲೆ ಕೂಗಾಡಿ ಬಂದೆ.