ಲಿಸ್ಬನ್ನಿನ ಟ್ರಾಮಿಗೆ ಕೊಡಲು ಹೋದ ಡಬ್ಬಿ

ನಮ್ಮವರು ಹೊನ್ನಾವರದ ಬ್ಯಾಂಕಿನಲ್ಲಿ ಇದ್ದಷ್ಟು ವರ್ಷವೂ ಅವರ ಊಟದ ಡಬ್ಬಿ ಕುಮಟಾದಿಂದ ಬಸ್ಸಿನಲ್ಲಿ ಹೋಗುತ್ತಿತ್ತು. ಬೆಳಿಗ್ಗೆ ಎಂಟಕ್ಕೇ ಮನೆ ಬಿಡುವ ಅವರಿಗೆ ಮಧ್ಯಾಹ್ನ ಬಿಸಿ ಅನ್ನವೇ ಆಗಬೇಕು. ಹಾಗಾಗಿ ನಾನು ಹನ್ನೊಂದೂವರೆಯ ಬಸ್ಸಿಗೆ ಕೈ ಅಡ್ಡ ಹಿಡಿದು, ಡ್ರೈವರನಿಗೆ ಡಬ್ಬಿ ಕೊಟ್ಟು, "ಸ್ಟ್ಯಾಂಡಲ್ಲಿ ಬ್ಯಾಂಕಿನವ್ರು ನಿಂತಿರ್ತಾರೆ, ಕೊಟ್ಬಿಡಿ" ಎಂದರೆ ಆಯಿತು. ಭಟ್ಕಳದ ತಂಗಿ ಕಳಿಸುವ ಮಲ್ಲಿಗೆಯೂ ಹಾಗೇ ಬರುತ್ತದೆ. ನಮ್ಮ ಕಡೆ ಬಸ್ಸು ಇರುವುದೇ ಸಾಮಾನು ಕಳಿಸಲಿಕ್ಕೆ. ಜಾಗ ಉಳಿದರೆ ಜನ. ನಾನು ಪಕ್ಕದ ಧಾರೇಶ್ವರ ದಾಟುತ್ತಿದ್ದದ್ದು ಮದುವೆ ಮುಂಜಿಗೆ ಮಾತ್ರ. ಪ್ರಯಾಣದ ಅನುಭವ ನನಗಿಂತ ಡಬ್ಬಿಗೇ ಹೆಚ್ಚು.

ಇಂಥ ನನ್ನನ್ನು ಅವರು ನಿವೃತ್ತರಾದ ಮೇಲೆ, ಬ್ಯಾಂಕಿನ ಗೆಳೆಯರ ಗುಂಪಿನೊಂದಿಗೆ ಲಿಸ್ಬನ್ನಿಗೆ ಕರೆದುಕೊಂಡು ಹೋದರು. ವಿಮಾನ ಇಳಿದದ್ದೇ ಮಂಕಿ ಕ್ಯಾಪ್ ಏರಿಸಿದರು, ಬಿಲ್ಲು ಬರುತ್ತದೆಂದು ಫೋನ್ ಆಫ್ ಮಾಡಿದರು. ಗೈಡ್ ನಮ್ಮೆಲ್ಲರ ಕೊರಳಿಗೆ ಟ್ರಾಮಿನ ಪಾಸು ನೇತುಹಾಕಿದ. ಆ ಊರಿನಲ್ಲಿ ಎತ್ತ ತಿರುಗಿದರೂ ಏರು. ಮೂರನೆಯ ದಿನ ನನ್ನ ಮೊಣಕಾಲು ಮುಷ್ಕರ ಹೂಡಿತು.

"ನೀ ರೂಮಲ್ಲೇ ಇರು. ನಾ ನೋಡ್ಕಂಡ್ ಬಂದು ಹೇಳ್ತೆ" ಎಂದರು.

ಅವರು ಹೇಳುವುದನ್ನು ಕೇಳಲು ನಾನು ಏಳು ಸಮುದ್ರ ದಾಟಿ ಬಂದಂತಾಯಿತು. ಸುಮ್ಮನೆ ಕೂರಲಾರದೆ ಬಾತ್‌ರೂಮಿನಲ್ಲಿ ಅವರ ಬನಿಯನ್ ಒಗೆದೆ.

ಒಗೆದು ಹೊರಬಂದರೆ ಮೇಜಿನ ಮೇಲೆ ಅವರು ಒಯ್ಯಬೇಕಿದ್ದ ಅವಲಕ್ಕಿ ಡಬ್ಬಿ! ನಮ್ಮವರಿಗೆ ಸಕ್ಕರೆ ಕಾಯಿಲೆ. ಹೋಟೆಲಿನ ತಿಂಡಿಗೆಲ್ಲ ಮೊಟ್ಟೆಯ ವಾಸನೆ ಎಂದು ಅದನ್ನು ಮುಟ್ಟದೆ, "ಅವಲಕ್ಕಿ ಟ್ರಾಮಲ್ಲೇ ತಿಂತೆ" ಎಂದು ಇನ್ಸುಲಿನ್ ಚುಚ್ಚಿಕೊಂಡು ಹೊರಟಿದ್ದರು. ಚುಚ್ಚಿಕೊಂಡು ತಿನ್ನದಿದ್ದರೆ ಏನಾಗುತ್ತದೆಂದು ಒಮ್ಮೆ ಊರಲ್ಲಿ ನೋಡಿದ್ದೆ, ಮೈಯ ಸಕ್ಕರೆ ಇಳಿದು ಅಂಗಳದಲ್ಲೇ ಬಿದ್ದುಬಿಟ್ಟಿದ್ದರು. ಫೋನ್ ಮಾಡೋಣವೆಂದರೆ ಅದು ಬಂದ್. ಚಾ ಟ್ರೇಯಲ್ಲಿದ್ದ ಸಕ್ಕರೆ ಪೊಟ್ಟಣಗಳನ್ನೆಲ್ಲ ಡಬ್ಬಿಗೆ ತುರುಕಿ ಕೆಳಗೋಡಿದೆ.

ಗುಂಪು ಹೋದದ್ದು ಗುಡ್ಡದ ಮೇಲಿನ ಕೊನೆಯ ಸ್ಟಾಪಿಗೆ ಎಂದು ಗೊತ್ತಿತ್ತು. ಹೋಟೆಲಿನ ಎದುರಿಗೇ ಟ್ರಾಮ್ ಬಂದು ನಿಂತಿತು. ಓಡಿಸುತ್ತಿದ್ದವಳು ನನ್ನ ಮಗಳ ಪ್ರಾಯದ ಹೆಂಗಸು. ಎಷ್ಟೋ ವರ್ಷದ ಅಭ್ಯಾಸ, ಡಬ್ಬಿಯನ್ನು ಅವಳ ಮುಂದೆ ಹಿಡಿದೆ.

"ಲಾಸ್ಟ್ ಸ್ಟಾಪ್. ಮೈ ಹಸ್ಬೆಂಡ್. ಮಂಕಿ ಕ್ಯಾಪ್. ಪ್ಲೀಸ್ ಗಿವ್."

ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಬಾಂಬ್ ಇಲ್ಲವೆಂದು ತೋರಿಸಲು ಮುಚ್ಚಳ ತೆಗೆದೆ. ಅವಲಕ್ಕಿ ಕಂಡು ಅವಳ ಅನುಮಾನ ಇನ್ನೂ ಹೆಚ್ಚಿತು. ನನ್ನ ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವಳು ನನ್ನ ಕೊರಳಿನ ಪಾಸನ್ನು ತೋರಿಸಿ, ಖಾಲಿ ಸೀಟನ್ನು ತೋರಿಸಿ, "ಯೂ ಗೋ" ಎಂದಳು.

ನಾನೇ ಹೋಗಬಹುದು ಎಂಬುದು, ದೇವರಾಣೆ, ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಟ್ರಾಮ್ ಕಿರುಗುಡುತ್ತ ಏರಿತು. ಕೆಳಗೆ ನಮ್ಮ ಕಡೆಯ ಮಿರ್ಜಾನದ ಹೊಳೆಗಿಂತ ಅಗಲದ ಹೊಳೆ ಕಾಣುತ್ತಿತ್ತು, ನೋಡುವ ಮನಸ್ಸಿರಲಿಲ್ಲ. ಸ್ಟಾಪು ಸ್ಟಾಪಿನಲ್ಲೂ ನಿಧಾನವಾಗಿ ಹತ್ತುವ ಮುದುಕಿಯರನ್ನು ಮನಸ್ಸಿನಲ್ಲೇ ಬೈದೆ. ಅವರಲ್ಲಿ ಅರ್ಧ ಜನ ನನಗಿಂತ ಚಿಕ್ಕವರಿದ್ದಿರಬೇಕು.

ಕೊನೆಯ ಸ್ಟಾಪಿನ ಕಟ್ಟೆಯ ಮೇಲೆ ನಮ್ಮವರು ಕೂತಿದ್ದರು. ಮುಖವೆಲ್ಲ ಬೆವರು, ಕೈ ನಡುಗುತ್ತಿತ್ತು. ಗೆಳೆಯರು ಹತ್ತು ಮಾರು ಆಚೆ ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಳುತ್ತಲೇ ಅವರ ಬಾಯಿಗೆ ಸಕ್ಕರೆ ಹಾಕಿದೆ, ನೀರು ಕುಡಿಸಿದೆ, ಆಮೇಲೆ ಅವಲಕ್ಕಿಯನ್ನು ತುತ್ತು ತುತ್ತಾಗಿ ತಿನ್ನಿಸಿದೆ. ಹತ್ತು ನಿಮಿಷಕ್ಕೆ ಜೀವ ಬಂತು. ಜೀವದ ಹಿಂದೆಯೇ ಅಧಿಕಾರವೂ ಬಂತು.

"ನೀ ಎಂತಕ್ಕೆ ಬಂದೆ, ಆ ಕಾಲು ಇಟ್ಕಂಡು? ಡ್ರೈವರನ ಕೈಲಿ ಕೊಟ್ಟು ಕಳ್ಸಿದ್ರೆ ಆಗ್ತಿತ್ತಲ್ಲ."

ನನಗೆ ಸಿಟ್ಟು ನೆತ್ತಿಗೇರಿತು.

"ಡಬ್ಬಿ ಒಂದೇ ಬಂದಿದ್ರೆ ನಿಮ್ಮ ಬಾಯಿಗೆ ಹಾಕೂಕೆ ಯಾರು ಬರ್ತಿದ್ರು?"

ಅವರು ಆಚೆ ನೋಡಿದರು, ಈಚೆ ನೋಡಿದರು. ಆಮೇಲೆ ಮುಂದಿನ ತುತ್ತಿಗೆ ಬಾಯಿ ತೆರೆದರು.